ಏಸಾವನ ಕೂಗು ಕೇಳದ ಚಿತ್ರಮಂದಿರ

2022ರ ಏಪ್ರಿಲ್ 14 ಪವಿತ್ರ ಗುರುವಾರ. ಅಂದು ಸಂಜೆ ದೇವಾಲಯಗಳಲ್ಲಿ ನಾವು ಜನರ ಪಾದಗಳನ್ನು ತೊಳೆದೆವು. ಅದೇ ದಿನ ಪ್ರಶಾಂತ್ ನೀಲ್ ನಿರ್ದೇಶನದ ‘ಕೆ.ಜಿ.ಎಫ್: ಚಾಪ್ಟರ್ 2’ ತೆರೆಕಂಡಿತು. ಪಾಸ್ಖ ಹಬ್ಬ ಕಳೆದ ಮೇಲೆ ಜನವಾಡದ ಕೆಲವು ಯುವಕರೊಡನೆ ಬೀದರಿನಲ್ಲಿ ಆ ಚಿತ್ರವನ್ನು ನೋಡಿದೆ. ಅವರು ಸಿಳ್ಳೆ ಹಾಕಿದರು. ನಾನು ಹಾಕಲಿಲ್ಲವಾದರೂ ರಾಕಿ ಗೆಲ್ಲಲಿ ಎಂದು ನನ್ನ ಮನಸ್ಸೂ ಹಾರೈಸುತ್ತಿತ್ತು. ಹೊರಬರುವಾಗ ಒಬ್ಬ ಕೇಳಿದ: “ಫಾದರ್, ಅವ್ವಗ ಕೊಟ್ಟ ಮಾತು ಉಳಿಸ್ಕೊಂಡಾನ್ರಿ. ತಪ್ಪೇನದ?” ನಾನು ಉತ್ತರಿಸದೆ ನಕ್ಕೆ. ಆ ನಗುವಿಗೆ ಪ್ರಾಯಶ್ಚಿತ್ತವಾಗಿ ಈ ಬರಹ.

ರಾಕಿ ಕೊಲೆಗಾರ. ಆದರೆ ಬಡತನದಲ್ಲಿ ಸಾಯುವ ತಾಯಿ, ಶ್ರೀಮಂತನಾಗಿಯೇ ಸಾಯಬೇಕೆಂದು ಮಗನಿಂದ ಮಾತು ಪಡೆದಿದ್ದಾಳೆ. 2018ರ ಮೊದಲ ಭಾಗದಲ್ಲಿ ನರಾಚಿಯ ಗಣಿಯ ಜೀತದಾಳುಗಳ ಮೇಲಿನ ಕ್ರೌರ್ಯವನ್ನು ಕಂಡವರಿಗೆ, ಗರುಡನನ್ನು ಕೊಲ್ಲುವ ರಾಕಿ ವಿಮೋಚಕನಾಗಿಯೇ ತೋರುತ್ತಾನೆ. ಹೀಗೆ ಮಾತೃಭಕ್ತಿ, ದೀನರ ಮೇಲಿನ ಕರುಣೆ ಎಂಬ ನಿಜವಾದ ಸದ್ಗುಣಗಳು ಚಿನ್ನದ ಹಂಬಲಕ್ಕೆ ಹೊದಿಕೆಯಾಗುತ್ತವೆ. ನಾವು ಮೆಚ್ಚುವುದು ಆ ಹೊದಿಕೆಯನ್ನೇ.

ಸಂತ ಅಗಸ್ಟೀನರು ‘ಕನ್ಫೆಷನ್ಸ್’ ಕೃತಿಯ ಮೂರನೆಯ ಪುಸ್ತಕದಲ್ಲಿ ಕಾರ್ಥೇಜಿನ ರಂಗಮಂದಿರಗಳನ್ನು ನೆನೆಯುತ್ತಾರೆ. ವೇದಿಕೆಯ ಮೇಲಿನ ಪ್ರೇಮಿಗಳು ಅಧರ್ಮದಲ್ಲಿ ಸುಖಿಸಿದಾಗ ತಾವೂ ಹಿಗ್ಗುತ್ತಿದ್ದುದನ್ನು ಒಪ್ಪಿಕೊಳ್ಳುತ್ತಾರೆ. ಆದರೂ ಅವರು ಕರುಣೆಯನ್ನು ತಳ್ಳಿಹಾಕದೆ ಅದರ ದಿಕ್ಕನ್ನು ತಿದ್ದುತ್ತಾರೆ. ಕೇಡಿನ ಸುಖ ಕೈತಪ್ಪಿದವನಿಗಿಂತ, ಕೇಡಿನಲ್ಲಿ ಹಿಗ್ಗುತ್ತಿರುವವನೇ ಹೆಚ್ಚು ಮರುಕಕ್ಕೆ ಅರ್ಹನೆಂಬುದು ಅವರ ನಿಲುವು.

ಧರ್ಮಗ್ರಂಥವೂ ನಮ್ಮನ್ನು ವಂಚಕನೊಬ್ಬನ ಪಕ್ಕದಲ್ಲಿ ನಿಲ್ಲಿಸುತ್ತದೆ. ಆದಿಕಾಂಡದ 27ನೆಯ ಅಧ್ಯಾಯದಲ್ಲಿ ಯಕೋಬನು ತಾಯಿ ರೆಬೆಕ್ಕಳ ಮಾತಿನಂತೆ ನಡೆದು, ಕಣ್ಣು ಮಂಜಾದ ತಂದೆಯಿಂದ ಅಣ್ಣನ ಆಶೀರ್ವಾದವನ್ನು ಕದಿಯುತ್ತಾನೆ. ಅವನು ಸಿಕ್ಕಿಬೀಳದಿರಲಿ ಎಂದು ಓದುಗನೂ ಉಸಿರು ಬಿಗಿಹಿಡಿಯುತ್ತಾನೆ. ಆದರೆ ಅದೇ ಅಧ್ಯಾಯ ಏಸಾವನ ಗೋಳನ್ನೂ ಕೇಳಿಸುತ್ತದೆ. ಮುಂದೆ ಲಾಬಾನನಿಂದ ಯಕೋಬನೇ ಮೋಸಹೋಗುತ್ತಾನೆ. ಪೆನಿಯೇಲಿನಲ್ಲಿ ಹೊಸ ಹೆಸರು ಪಡೆದು, ಕುಂಟುತ್ತಾ ಹೋಗಿ ಏಸಾವನಿಗೆ ಏಳು ಸಲ ತಲೆಬಾಗುತ್ತಾನೆ. ದೇವರು ಅವನ ಕೈಬಿಡಲಿಲ್ಲ, ಅವನ ಅಪರಾಧವನ್ನು ಮರೆಸಲೂ ಇಲ್ಲ.

ಚಿತ್ರದಲ್ಲಿ ನನಗೆ ಕಾಣದೆ ಹೋದವನು ಈ ಏಸಾವ. ತಾಯಿಯ ಮಮತೆಯ ಮೇಲೆಯೇ ನಿಂತ ಕಥೆಯಲ್ಲಿ, ರಾಕಿಯ ಕೈಯಲ್ಲಿ ಸಾಯುವ ಬಹುಪಾಲು ಜನರಿಗೆ ಹೆಸರಿಲ್ಲ, ಅವರಿಗಾಗಿ ಅಳುವ ತಾಯಂದಿರೂ ಇಲ್ಲ. ಯಶ್ ಅವರ ಅಭಿನಯ, ಭುವನ್ ಗೌಡರ ಛಾಯಾಗ್ರಹಣ, ರವಿ ಬಸ್ರೂರರ ಸಂಗೀತ ಈ ಕೊರತೆಯನ್ನು ಗಮನಿಸಲು ಬಿಡದಷ್ಟು ಸಮರ್ಥವಾಗಿವೆ. ಕೊನೆಯಲ್ಲಿ ರಾಕಿ ಹಡಗಿನ ತುಂಬ ಚಿನ್ನದೊಡನೆ ಕಡಲಿನಲ್ಲಿ ಮುಳುಗುತ್ತಾನೆ. ಸಂತ ಲೂಕನ ಶುಭಸಂದೇಶದ ಅವಿವೇಕಿ ಧನಿಕನ ಸಾಮತಿಯಾಗಬಹುದಾಗಿದ್ದ ಆ ದೃಶ್ಯ ವೀರಗಾಥೆಯಾಗುತ್ತದೆ. ಮಾತು ಉಳಿಯಿತೆಂದು ಹೆಮ್ಮೆಪಡುವ ನಾವು ಮುಳುಗಿದವನ ಆತ್ಮದ ಬಗ್ಗೆ ಚಿಂತಿಸುವುದಿಲ್ಲ.

ಆ ಯುವಕ ಇಂದು ಕೇಳಿದರೆ ಹೀಗೆ ಹೇಳುವೆ: ರಾಕಿಯನ್ನು ಪ್ರೀತಿಸು, ತಪ್ಪಿಲ್ಲ. ಆದರೆ ಪ್ರೀತಿಸುವುದಾದರೆ, ಆ ಮಾತಿನ ಕಟ್ಟಿನಿಂದ ಅವನು ಬಿಡುಗಡೆ ಹೊಂದಲಿ ಎಂದು ಹಾರೈಸು. ಪಾಪನಿವೇದನೆಯ ಪೀಠದಲ್ಲಿ ಕೂರಲಿರುವ ಗುರು ಅಭ್ಯರ್ಥಿಗಳಿಗೂ ಈ ಅಭ್ಯಾಸ ಅಗತ್ಯ. ಎದುರು ಮೊಣಕಾಲೂರಿದವನ ಪಕ್ಷದಲ್ಲಿ ನಿಲ್ಲುತ್ತಲೇ, ಅಲ್ಲಿಲ್ಲದ ಏಸಾವನಿಗೂ ಕಿವಿಗೊಡಬೇಕು.