ಹೊತ್ತಿನ ಗಾಳಿ

ನಮ್ಮ ಕಡೆ ಸಂಜೆಯಾಯಿತು ಎನ್ನುವುದಕ್ಕೆ ಹೊತ್ತು ಕಂತಿತು ಎನ್ನುತ್ತೇವೆ. ತುಳುವಿನಲ್ಲಿ ಅದೇ ಪೊರ್ತು. ಸೂರ್ಯನಿಗೂ ಸಮಯಕ್ಕೂ ಒಂದೇ ಮಾತು. ಘಟ್ಟದ ಮೇಲಿನ ಯುಗಾದಿ ಚಂದ್ರನ ಲೆಕ್ಕದ್ದು, ನಮ್ಮ ಬಿಸು ಸೂರ್ಯನ ಲೆಕ್ಕದ್ದು. ಪಗ್ಗು, ಬೇಸ್ಯ, ಕಾರ್ತೆಲ್, ಆಟಿ ಎಂದು ಅಜ್ಜಿಯಂದಿರು ಬೆರಳು ಮಡಚಿ ಎಣಿಸುತ್ತಿದ್ದ ತಿಂಗಳುಗಳೆಲ್ಲ ಸೂರ್ಯ ರಾಶಿಯಿಂದ ರಾಶಿಗೆ ದಾಟುವುದನ್ನು ಹಿಡಿದು ಬಂದವು. ನಂದಿಕೂರಿನ ನೆರೆಯ ಅದಮಾರಿನಲ್ಲಿ 1932ರ ಮಾರ್ಚ್ 10ರಂದು ಹುಟ್ಟಿದ ಮಗುವೊಂದು ಮುಂದೆ ಆ ಸೂರ್ಯನಿಂದ ಬೀಸುವ ಗಾಳಿಯನ್ನು ಅಳೆದವರ ಸಾಲಿಗೆ ಸೇರಿತು. ಈ ವಾರ ಅವರ ವಿಷಯ, ಆ ಗಾಳಿಯ ವಿಷಯ.

ಉಡುಪಿ ರಾಮಚಂದ್ರ ರಾವ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಆರ್ಯಭಟ. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿದ್ದ ಆ ಚಿತ್ರವನ್ನು ಕೈಯಲ್ಲಿ ಹಿಡಿಯದವರು ನನ್ನ ವಯಸ್ಸಿನವರಲ್ಲಿ ಯಾರೂ ಇಲ್ಲ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿಸಿದ 360 ಕಿಲೋ ತೂಕದ ಉಪಗ್ರಹ. ಮುಂದೆ 1984ರಿಂದ 1994ರವರೆಗೆ ರಾಯರು ಇಸ್ರೋ ಅಧ್ಯಕ್ಷರು. 2018ರಲ್ಲಿ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರನ್ನೇ ಇಟ್ಟರು. ಇವೆಲ್ಲ ಸನ್ಮಾನ ಪತ್ರಗಳಲ್ಲಿ ಬಂದಾಗಿದೆ. ನನಗೆ ಪ್ರೀತಿ ಅದಕ್ಕೂ ಹಿಂದಿನ, ಮೂವತ್ತು ವರ್ಷ ಪ್ರಾಯದ ರಾಯರ ಮೇಲೆ.

ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು, ಬಳ್ಳಾರಿ, ಅನಂತಪುರ, ಬನಾರಸ್ ಎಂದು ಓದುತ್ತ ಹೋಗಿ ಅವರು ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಶಿಷ್ಯರಾದರು. ಅಲ್ಲಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಅವರ ಕೆಲಸ ವಿಶ್ವಕಿರಣಗಳನ್ನು ಎಣಿಸುವುದು. ದೂರದ ಆಕಾಶದಿಂದ ಸದಾ ಸುರಿಯುವ ಈ ಕಣಗಳ ಮಳೆ ಒಂದೇ ಸಮ ಇರುವುದಿಲ್ಲ, ಸೂರ್ಯ ಕೆರಳಿದಾಗ ಇಳಿಯುತ್ತದೆ, ಸುಮ್ಮನಾದಾಗ ಏರುತ್ತದೆ. ನಡುವೆ ಏನೋ ಅಡ್ಡ ಬರುತ್ತಿದೆ ಎಂದಾಯಿತು. ಆ ‘ಏನೋ’ ಯಾವುದೆಂದು ಕೇಳುತ್ತಲೇ ಅವರು ಅಮೆರಿಕಕ್ಕೆ ಹೋದರು. ಸೂರ್ಯನಿಂದ ಎಡೆಬಿಡದೆ ಕಣಗಳ ಗಾಳಿ ಬೀಸುತ್ತಿರಬೇಕು ಎಂದು ಯೂಜೀನ್ ಪಾರ್ಕರ್ 1958ರಲ್ಲಿ ಲೆಕ್ಕ ಹಾಕಿ ಹೇಳಿದ್ದರು. ದೊಡ್ಡವರು ಅನೇಕರು ಒಪ್ಪಿರಲಿಲ್ಲ.

ಒಪ್ಪಿಸಿದ್ದು ಮ್ಯಾರಿನರ್-2. 1962ರ ಆಗಸ್ಟ್ 27ರಂದು ಹೊರಟು ಡಿಸೆಂಬರ್ 14ರಂದು ಶುಕ್ರನ ಪಕ್ಕದಿಂದ ಹಾದುಹೋದ ನೌಕೆ ಅದು. ಪಠ್ಯಪುಸ್ತಕದಲ್ಲಿ ಅದರ ಹೆಸರು ಬರುವುದು ಶುಕ್ರನಿಗಾಗಿ, ನನ್ನ ಮಟ್ಟಿಗೆ ಅದರ ನಿಜವಾದ ಗಳಿಕೆ ದಾರಿಯದ್ದು. ಹೋಗುವ ತಿಂಗಳುಗಳುದ್ದಕ್ಕೂ ಅದರ ಉಪಕರಣ ಗಾಳಿಯನ್ನು ಅಳೆಯುತ್ತಲೇ ಇತ್ತು. ಗಾಳಿ ಒಂದು ದಿನವೂ ನಿಂತಿರಲಿಲ್ಲ. ಸೆಕೆಂಡಿಗೆ 300 ಕಿಲೋಮೀಟರಿಗಿಂತ ಕೆಳಗೆ ಇಳಿಯಲಿಲ್ಲ, ಕೆಲವೊಮ್ಮೆ 700 ದಾಟಿತು. ಸೂರ್ಯ ತನ್ನ ಸುತ್ತ ಒಮ್ಮೆ ತಿರುಗುವ 27 ದಿನಗಳಿಗೆ ಸರಿಯಾಗಿ ಅದೇ ಬಿರುಸು ಮರಳಿ ಬರುತ್ತಿತ್ತು. 1963ರಲ್ಲಿ ಕಾನ್ವೇ ಸ್ನೈಡರ್ ಮತ್ತು ಮಾರ್ಸಿಯಾ ನ್ಯೂಗೆಬಾವರ್ ಜತೆ ರಾಯರು ಬರೆದ ಪ್ರಬಂಧ ಈ ವೇಗದ ಏರಿಳಿತವನ್ನು ಭೂಮಿಯ ಕಾಂತಕ್ಷೇತ್ರದ ಕಂಪನದ ಪಕ್ಕದಲ್ಲಿಟ್ಟು ನೋಡಿತು. ಅಲ್ಲಿ ಗಾಳಿ ಜೋರಾದರೆ ಇಲ್ಲಿ ದಿಕ್ಸೂಚಿಯ ಮುಳ್ಳು ಹೆಚ್ಚು ನಡುಗುತ್ತದೆ. ವಿಶ್ವಕಿರಣಗಳಿಗೆ ಅಡ್ಡ ಬರುವುದೂ ಆ ಗಾಳಿಯೇ, ಅದು ಹೊತ್ತು ತರುವ ಕಾಂತಕ್ಷೇತ್ರ.

ಇದನ್ನು ಹೇಳುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, “ಅಲ್ಲಿ ಗಾಳಿಯೇ ಇಲ್ಲ ಅಂತ ನೀವೇ ಕಲಿಸಿದ್ದಲ್ವಾ ಮಾಷ್ಟ್ರೇ?” ಎಂದು ಹಿಡಿದ. ಹಿಡಿಯಬೇಕಾದ ಮಾತೇ. ನಾವು ಉಸಿರಾಡುವ ಗಾಳಿ ಅಲ್ಲಿಲ್ಲ. ಸೌರಮಾರುತ ಎಂದರೆ ಬಿಸಿಯಿಂದ ಒಡೆದ ಪರಮಾಣುಗಳ ಚೂರು, ಪ್ರೋಟಾನು ಮತ್ತು ಎಲೆಕ್ಟ್ರಾನು. ಭೂಮಿಯ ಬಳಿ ಅದು ಎಷ್ಟು ವಿರಳವೆಂದರೆ ಒಂದು ಘನ ಸೆಂಟಿಮೀಟರಿನಲ್ಲಿ ಐದಾರು ಪ್ರೋಟಾನು ಸಿಕ್ಕಿದರೆ ಸಿಕ್ಕಿತು. ಪಡುಬಿದ್ರಿಯ ಕಡಲತಡಿಯಲ್ಲಿ ಆಷಾಢದ ಪಡುಗಾಳಿಗೆ ಕೊಡೆ ಮಗುಚಿಕೊಂಡವರಿಗೆ ಇದನ್ನು ಗಾಳಿ ಎನ್ನಲು ಮನಸ್ಸಾಗದು. ಬೀಸುತ್ತದೆ, ತಳ್ಳುತ್ತದೆ, ದಿಕ್ಕು ಇದೆ, ಹದ ಇದೆ. ಗಾಳಿ ಅನ್ನದೆ ಏನನ್ನಲಿ?

ದಿಕ್ಕಿನ ಮಾತು ಬಂತು. ಅದನ್ನು ಹಿಡಿದದ್ದು ಪಯೋನಿಯರ್-6. 1965ರ ಡಿಸೆಂಬರ್ 16ರಂದು ಸೂರ್ಯನ ಸುತ್ತಿನ ದಾರಿಗೆ ಬಿಟ್ಟ ಈ ಪುಟ್ಟ ನೌಕೆಯಲ್ಲಿ ಡಲ್ಲಾಸಿನ ತಂಡದ ವಿಶ್ವಕಿರಣ ಎಣಿಕೆಯ ಉಪಕರಣ ಇತ್ತು. ಆ ತಂಡದಲ್ಲಿ ಆಸ್ಟ್ರೇಲಿಯಾದ ಕೆನ್ ಮೆಕ್‌ಕ್ರಾಕೆನ್ ಜತೆ ನಮ್ಮ ರಾಯರು. ನೌಕೆ ನಿಮಿಷಕ್ಕೆ 60 ಸುತ್ತಿನಂತೆ ಬುಗುರಿಯಾಗಿ ತಿರುಗುತ್ತಿತ್ತು. 1901ರಿಂದ ಉರಿಯುತ್ತಿರುವ ಕಾಪುವಿನ ದೀಪಸ್ತಂಭವನ್ನು ನೆನೆದುಕೊಳ್ಳಿ. ಅದು ಸುತ್ತೆಲ್ಲ ಬೆಳಕು ಬೀಸುತ್ತದೆ. ಇದು ಸುತ್ತೆಲ್ಲ ನೋಡುತ್ತ, ಕಣ ಯಾವ ಮಗ್ಗುಲಿನಿಂದ ಬಂತೆಂದು ಗುರುತು ಹಾಕಿಕೊಳ್ಳುತ್ತಿತ್ತು. ಸೂರ್ಯನಲ್ಲಿ ಸ್ಫೋಟವಾದಾಗ ಕಣಗಳು ನೇರ ಸೂರ್ಯನ ದಿಕ್ಕಿನಿಂದ ಬರಬೇಕಲ್ಲವೇ? ಬರುವುದಿಲ್ಲ. ಅವು ಹೆಚ್ಚಾಗಿ ಬರುವುದು ಸೂರ್ಯನಿಂದ ಸುಮಾರು 45 ಡಿಗ್ರಿ ಪಶ್ಚಿಮಕ್ಕೆ ವಾಲಿದ ಕಡೆಯಿಂದ. ಅಡಕೆ ತೋಟದ ಸ್ಪ್ರಿಂಕ್ಲರ್ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಒಂದೊಂದು ಹನಿ ನೇರ ಹಾರುತ್ತದೆ, ಮೂತಿ ತಿರುಗುತ್ತಿರುವುದರಿಂದ ನೀರಿನ ಎಳೆ ಮಾತ್ರ ಸುರುಳಿಯಾಗಿ ಕಾಣುತ್ತದೆ. ತಿರುಗುವ ಸೂರ್ಯನಿಂದ ಹೊರಟ ಕಾಂತರೇಖೆಗಳೂ ಹಾಗೇ ಸುರುಳಿ, ಕಣಗಳು ಆ ಎಳೆ ಹಿಡಿದು ಬರುತ್ತವೆ. ಕಡಲಿನವರ ಹಾಗೆ ಭೂಮಿಗೂ ಪಡುಗಾಳಿಯೇ.

ಈ ಒಂದು ಗಾಳಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಬಾಹ್ಯಾಕಾಶದ ಸುದ್ದಿಗಳನ್ನು ಓದುವ ರುಚಿಯೇ ಬೇರೆಯಾಗುತ್ತದೆ ಎಂಬುದು ನನ್ನ ಅನುಭವ. ಚಂದ್ರನದೊಂದು ಸುದ್ದಿ, ಕ್ಷುದ್ರಗ್ರಹದ್ದು ಇನ್ನೊಂದು, ಸೂರ್ಯನದು ಮತ್ತೊಂದು ಎಂದು ಬಿಡಿಬಿಡಿಯಾಗಿ ಬರುತ್ತವೆ. ಒಳಗೆ ಎಳೆ ಒಂದೇ.

ಚಂದ್ರನನ್ನೇ ತೆಗೆದುಕೊಳ್ಳಿ. ನಾಟಿಯ ಸಮಯದಲ್ಲಿ ಹೆಂಗಸರು ತಲೆಯಿಂದ ಬೆನ್ನಿನವರೆಗೆ ಹಾಕಿಕೊಳ್ಳುತ್ತಿದ್ದ ಗೊರಬೆಯಂತೆ ಭೂಮಿಗೆ ಕಾಂತಕ್ಷೇತ್ರದ ಮರೆ ಇದೆ, ಮಳೆ ಜಾರಿಹೋಗುತ್ತದೆ. ಚಂದ್ರನಿಗೆ ಅಂಥ ಮರೆ ಇಲ್ಲ. ಬೀಸಿದ್ದೆಲ್ಲ ಮೈಮೇಲೆ. 2008ರ ಅಕ್ಟೋಬರ್ 22ರಂದು ಹೋದ ಚಂದ್ರಯಾನ-1ರಲ್ಲಿ ಸ್ವೀಡನ್ನಿನವರೂ ತಿರುವನಂತಪುರದವರೂ ಕೂಡಿ ಮಾಡಿದ ‘ಸಾರಾ’ ಎಂಬ ಉಪಕರಣ ಇತ್ತು. ಪತ್ರಿಕೆಗಳು ಅದನ್ನು ಗಮನಿಸಿದ್ದು ಕಡಿಮೆ, ನನಗೆ ಅದು ಆ ನೌಕೆಯ ಅತಿ ಚಂದದ ಕೆಲಸಗಳಲ್ಲೊಂದು. ಚಂದ್ರನ ಮಣ್ಣು ಸೌರಮಾರುತವನ್ನು ಇಡಿಯಾಗಿ ಹೀರಿಕೊಳ್ಳುತ್ತದೆ ಎಂದು ಅದುವರೆಗಿನ ನಂಬಿಕೆ. ಬಡಿದ ಪ್ರೋಟಾನುಗಳಲ್ಲಿ ನೂರಕ್ಕೆ 20ರವರೆಗೆ ಹೈಡ್ರೋಜನ್ ಪರಮಾಣುಗಳಾಗಿ ಪುಟಿದು ಹಿಂದೆ ಬರುತ್ತವೆ ಎಂದು ಸಾರಾ ತೋರಿಸಿತು. ಉಳಿದವು ಮಣ್ಣಿನಲ್ಲಿ ಸೇರುತ್ತವೆ. ಆ ಮಣ್ಣಿನಲ್ಲಿ ಆಮ್ಲಜನಕ ಬೇಕಾದಷ್ಟಿದೆ. ಎರಡೂ ಕೂಡಿದರೆ ನೀರಿನ ಅರ್ಧ ದಾರಿ. 2009ರ ಸೆಪ್ಟೆಂಬರಿನಲ್ಲಿ ಅದೇ ನೌಕೆಯ ಇನ್ನೊಂದು ಉಪಕರಣ ಚಂದ್ರನ ಮೈಮೇಲೆಲ್ಲ ನೀರಿನ, ಹೈಡ್ರಾಕ್ಸಿಲಿನ ಗುರುತು ಕಂಡ ಸುದ್ದಿ ಬಂದಾಗ ಅದರಲ್ಲಿ ಒಂದಷ್ಟು ಈ ಗಾಳಿ ಬಿತ್ತಿದ್ದು ಎಂದು ವಿಜ್ಞಾನಿಗಳು ಹೇಳಿದರು.

ಕ್ಷುದ್ರಗ್ರಹದಲ್ಲೂ ಇದೇ ಕಥೆ. ಜಪಾನಿನ ಹಯಬುಸಾ ನೌಕೆ 2010ರ ಜೂನಿನಲ್ಲಿ ಇಟೊಕಾವಾ ಎಂಬ ಕ್ಷುದ್ರಗ್ರಹದಿಂದ ತಂದ ದೂಳಿನ ಕಣಗಳು ಒಂದೂವರೆ ಸಾವಿರದಷ್ಟು, ಕಣ್ಣಿಗೆ ಕಾಣುವುದೇ ಕಷ್ಟ. ಅವುಗಳ ಹೊರಸಿಪ್ಪೆಯಲ್ಲಿ ಸೂರ್ಯನ ಹೀಲಿಯಮ್ಮು, ನಿಯಾನು ಹೂತುಕೊಂಡಿದ್ದವು. ಕಡಲ ಗಾಳಿಗೆ ಮನೆಯ ಕಿಟಕಿಯ ಸರಳು ಮಾಸುವಂತೆ ಕಲ್ಲುಗಳೂ ಅಲ್ಲಿ ಮಾಸುತ್ತವೆ, ಮಾಸಿದ ಪ್ರಮಾಣದಿಂದ ಅವು ಎಷ್ಟು ಕಾಲ ಬಿಸಿಲಿಗೆ ಬಿದ್ದಿದ್ದವೆಂದು ಲೆಕ್ಕ ಹಾಕಬಹುದು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರ ಸೆಪ್ಟೆಂಬರ್ 24ರಂದು ಬಂದಿಳಿದದ್ದು 121.6 ಗ್ರಾಂ. ಅದನ್ನು ಓದಿ ಮುಗಿಸಲು ಒಂದು ತಲೆಮಾರು ಬೇಕು.

ಮರಳಿ ಸೂರ್ಯನಿಗೆ ಬರೋಣ. ಆದಿತ್ಯ ಎಂಬ ನೌಕೆಯ ಯೋಚನೆ 2008ರಲ್ಲಿ ಮೊಳೆತಾಗ ಅದು 400 ಕಿಲೋ ತೂಕದ್ದು, 800 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನೇ ಸುತ್ತಿಕೊಂಡು ಸೂರ್ಯನ ಹೊರ ಪ್ರಭೆಯನ್ನು ನೋಡುವಂಥದ್ದು. ಅಷ್ಟು ಹತ್ತಿರ ನಿಂತರೆ ಗೊರಬೆಯ ಒಳಗೇ ನಿಂತಂತೆ, ಮಳೆ ಮೈಗೆ ತಾಗುವುದಿಲ್ಲ. ಗಾಳಿಯ ರುಚಿ ನೋಡಬೇಕಾದರೆ ಹೊರಗೆ ಹೋಗಬೇಕು. ಬಾಹ್ಯಾಕಾಶ ವಿಜ್ಞಾನದ ಸಲಹಾ ಸಮಿತಿಗೆ ಆಗ ಅಧ್ಯಕ್ಷರು ರಾಯರು. ಯೋಜನೆ ಮುಂದೆ 15 ಲಕ್ಷ ಕಿಲೋಮೀಟರ್ ದೂರದ ಎಲ್-1 ಬಿಂದುವಿಗೆ ಬೆಳೆಯಿತು. ಭೂಮಿಯ ಜತೆಜತೆಗೇ ಸೂರ್ಯನ ಸುತ್ತ ಸಾಗುತ್ತ, ಹೊತ್ತು ಕಂತುವುದೇ ಇಲ್ಲದೆ ಸೂರ್ಯನನ್ನು ನೋಡುತ್ತಿರಬಹುದಾದ ಜಾಗ ಅದು. ಆದಿತ್ಯ ಸೂರ್ಯನ ಹತ್ತಿರ ಹೋಗಿದೆ ಎಂದು ಈಗಲೂ ಹಲವರು ತಿಳಿದಿದ್ದಾರೆ. ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ದೂರ, ಆದಿತ್ಯ ಹೋದದ್ದು ಅದರ ನೂರರಲ್ಲೊಂದು ಪಾಲು ಮಾತ್ರ.

2023ರ ಸೆಪ್ಟೆಂಬರ್ 2ರ ಉಡಾವಣೆಯನ್ನು ಊರಿಗೆ ಊರೇ ಟಿವಿಯಲ್ಲಿ ನೋಡಿತು, ಚಂದ್ರಯಾನ-3 ಇಳಿದು ಹತ್ತೇ ದಿನವಾಗಿತ್ತು. 2024ರ ಜನವರಿ 6ರಂದು ನೌಕೆ ತನ್ನ ಜಾಗ ಸೇರಿದ್ದನ್ನು ನೋಡಿದವರು ಕಡಿಮೆ. ಯಕ್ಷಗಾನದ ಆಟ ಬಲ್ಲವರಿಗೆ ಗೊತ್ತು, ಒಡ್ಡೋಲಗಕ್ಕೆ ಜನ ಸೇರುತ್ತಾರೆ, ಅರ್ಥಗಾರಿಕೆ ಹದಕ್ಕೆ ಬರುವುದು ನಡುರಾತ್ರಿ ಕಳೆದ ಮೇಲೆ. ಬಾಹ್ಯಾಕಾಶದಲ್ಲೂ ಎದ್ದು ಹೋಗದೆ ಕೂತವರಿಗೇ ಸಿಗುವುದು.

ಕೂತವರಿಗೆ ಸಿಕ್ಕಿದ್ದು 2024ರ ಮೇ ತಿಂಗಳು. 10 ಮತ್ತು 11ರಂದು ಎರಡು ದಶಕಗಳಲ್ಲೇ ದೊಡ್ಡ ಕಾಂತ ಬಿರುಗಾಳಿ ಭೂಮಿಗೆ ಬಡಿಯಿತು. ಧ್ರುವಗಳ ಕಡೆ ಕಾಣುವ ಬೆಳಕು ಲಡಾಖಿನ ಹಾನ್ಲೆಯ ಆಕಾಶವನ್ನು ಕೆಂಪಗೆ ಮಾಡಿತು. ಅಮೆರಿಕದಲ್ಲಿ ಜಿಪಿಎಸ್ ಹಿಡಿದು ಬಿತ್ತುವ ಟ್ರ್ಯಾಕ್ಟರುಗಳು ಸಾಲು ತಪ್ಪಿ ನಿಂತವು. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನವರೂ ಇಂದು ದಾರಿಗೆ ನಂಬಿರುವುದು ಅದೇ ಜಿಪಿಎಸ್ಸನ್ನು. ಆ ಗಾಳಿ ಭೂಮಿಗೆ ಬಡಿಯುವ ಮೊದಲೇ ಆದಿತ್ಯನ ಮೇಲೆ ಹಾದುಹೋಗಿತ್ತು. ಸಾಧಾರಣ ದಿನ ಸೆಕೆಂಡಿಗೆ 400 ಕಿಲೋಮೀಟರ್ ವೇಗದಲ್ಲಿ 15 ಲಕ್ಷ ಕಿಲೋಮೀಟರ್ ದಾಟಲು ಗಾಳಿಗೆ ಒಂದು ಗಂಟೆ ಚಿಲ್ಲರೆ ಬೇಕು, ನಂದಿಕೂರಿನಲ್ಲಿ ಬಸ್ ಹತ್ತಿ ಉಡುಪಿಯಲ್ಲಿ ಇಳಿಯುವಷ್ಟು ಹೊತ್ತು. ಬಿರುಗಾಳಿಯ ದಿನ ಅದರ ಅರ್ಧ. ಆದಿತ್ಯನಲ್ಲಿ ಈ ಗಾಳಿಯನ್ನು ಅಳೆದ ‘ಆಸ್ಪೆಕ್ಸ್’ ಉಪಕರಣ ಮಾಡಿದವರು ಯಾರು ಗೊತ್ತೇ? ಅಹಮದಾಬಾದಿನ ಆ ಹಳೆಯ ಪ್ರಯೋಗಾಲಯದವರೇ. ರಾಯರು ವಿಶ್ವಕಿರಣ ಎಣಿಸಲು ಕಲಿತ ಜಾಗ.

ಆದಿತ್ಯನ ಇನ್ನೊಂದು ಉಪಕರಣ ನನ್ನ ಎದೆಗೆ ಹತ್ತಿರ. ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಕಟ್ಟಿದ ದೂರದರ್ಶಕ ಅದು, ಸೂರ್ಯನ ಬಿಂಬವನ್ನು ಒಳಗೇ ಮರೆಮಾಡಿಕೊಂಡು ಸುತ್ತಿನ ಪ್ರಭೆಯನ್ನಷ್ಟೇ ನೋಡುತ್ತದೆ. ದಿನವಿಡೀ ಖಗ್ರಾಸ ಗ್ರಹಣ. 1980ರ ಫೆಬ್ರವರಿ 16ರಂದು ಅಂಕೋಲಾದ ಕಡೆ ಖಗ್ರಾಸ ಹಿಡಿದಾಗ ನಮ್ಮಲ್ಲಿ ಪಾರ್ಶ್ವ ಗ್ರಹಣ. ನಾನಾಗ ಶಾಲೆಯ ಹುಡುಗ. ಬಾಗಿಲು ಮುಚ್ಚಿ ಒಳಗೆ ಕೂರಿಸಿದ್ದರು, ಹೆಂಚಿನ ಸಂದಿಯಿಂದ ನೆಲಕ್ಕೆ ಬಿದ್ದ ಬೆಳಕಿನ ಬಿಲ್ಲೆ ಕುಡುಗೋಲಿನಂತೆ ಬಾಗಿದ್ದನ್ನು ಮಾತ್ರ ಕಂಡೆ. ಕೆಲವೇ ನಿಮಿಷದ ಆ ಪ್ರಭೆಗಾಗಿ ವಿಜ್ಞಾನಿಗಳು ದೇಶ ದೇಶ ಅಲೆಯುತ್ತಿದ್ದ ಕಾಲ. ಈಗ ಆ ನೋಟದ ಅಂಕಿಗಳು ಬೆಂಗಳೂರು ಹೊರವಲಯದ ಬ್ಯಾಲಾಳಿನ ದತ್ತಾಂಶ ಕೇಂದ್ರಕ್ಕೆ ಬಂದು ಸೇರುತ್ತವೆ, ಹೆಸರು ನೋಂದಾಯಿಸಿಕೊಂಡವರಿಗೆ ಸಿಗುತ್ತವೆ. ಮಣಿಪಾಲ, ಕಾರ್ಕಳದ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುವ ಮಕ್ಕಳೇ, ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆಸ್ಪೆಕ್ಸಿನ ಒಂದು ದಿನದ ಅಂಕಿಗಳನ್ನು ತೆಗೆದು ಗಾಳಿಯ ವೇಗದ ಗೆರೆಯನ್ನು ನೀವೇ ಎಳೆದು ನೋಡಿ. 27 ದಿನ ಬಿಟ್ಟು ಮತ್ತೆ ಎಳೆಯಿರಿ.

ರಾಯರು ಆದಿತ್ಯನ ಉಡಾವಣೆಯನ್ನು ನೋಡಲಿಲ್ಲ, 2017ರ ಜುಲೈ 24ರಂದು ತೀರಿಕೊಂಡರು. ಆರ್ಯಭಟದಲ್ಲೂ ಅವರು ಸೂರ್ಯನ ನ್ಯೂಟ್ರಾನು, ಗಾಮಾ ಕಿರಣ ಹಿಡಿಯುವ ಉಪಕರಣ ಇಟ್ಟಿದ್ದರು. ವಿದ್ಯುತ್ ಪೂರೈಕೆ ಕೆಟ್ಟು ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತುಹೋದವು. ಪಯೋನಿಯರ್-6ರ ಹಣೆಬರಹ ಬೇರೆ. ಆರು ತಿಂಗಳು ಬಾಳಿದರೆ ಸಾಕು ಎಂದು ಕಟ್ಟಿದ ಆ ನೌಕೆ 35 ವರ್ಷ ತುಂಬಿದ ಲೆಕ್ಕದಲ್ಲಿ 2000ದ ಡಿಸೆಂಬರ್ 8ರಂದು ಕರೆದಾಗಲೂ ಓಗೊಟ್ಟಿತು. ಆಮೇಲೆ ಯಾರೂ ಕರೆದಿಲ್ಲ. ಅದು ಸೂರ್ಯನ ಸುತ್ತಲೇ ಇದೆ, ಅದರ ವರ್ಷ ನಮ್ಮದಕ್ಕಿಂತ ಚಿಕ್ಕದು, 311 ದಿನ. ಇದುವರೆಗೆ ಸುಮಾರು 70 ಸುತ್ತು ಮುಗಿಸಿದೆ.