ಬೆಳ್ಳಿಯ ತಟ್ಟೆಯೂ ತಟ್ಟೆ ಇಡ್ಲಿಯೂ

ನಮ್ಮ ಪತ್ರಿಕೆಗಳಲ್ಲಿ ಪುಸ್ತಕಕ್ಕೆ ವಿಮರ್ಶೆಯುಂಟು, ನಾಟಕಕ್ಕುಂಟು, ಸಿನಿಮಾಕ್ಕುಂಟು; ಸಂಗೀತ ಕಚೇರಿಯಲ್ಲಿ ಪಿಟೀಲಿನವರು ಎಲ್ಲಿ ಎಡವಿದರೆಂಬುದನ್ನು ಎತ್ತಿ ತೋರಿಸುವವರೂ ಉಂಟು. ಹೋಟೆಲಿನ ಊಟಕ್ಕೆ ಮಾತ್ರ ವಿಮರ್ಶೆಯೆಂಬುದಿಲ್ಲ. "ಚೆನ್ನಾಗಿತ್ತು", "ಏನೋ ಇತ್ತು" ಎಂಬ ಎರಡು ಮಾತಿನಲ್ಲಿ ಅದರ ಕಥೆ ಮುಗಿಯುತ್ತದೆ. ಮುನ್ನೂರು ರೂಪಾಯಿನ ಕಾದಂಬರಿಯೊಂದನ್ನು ಕೊಳ್ಳುವ ಮೊದಲು ನಾಲ್ಕು ಜನರನ್ನು ವಿಚಾರಿಸುವ ಗೃಹಸ್ಥರು, ಒಂದು ಸಂಜೆಯ ಊಟಕ್ಕೆ ನಾಲ್ಕು ಸಾವಿರ ತೆತ್ತು ಬಂದು, ಅದು ತಕ್ಕುದಾಗಿತ್ತೆ ಎಂಬ ಪ್ರಶ್ನೆಯನ್ನು ಮನೆಯವರ ಮುಂದೆ ಎತ್ತಲೂ ಅಂಜುತ್ತಾರೆ. ಎತ್ತಿದರೆ ಜಿಪುಣನೆನ್ನಿಸಿಕೊಳ್ಳುವ ಭಯ. ಎತ್ತದಿದ್ದರೆ ತಿಂಗಳ ಕೊನೆಯವರೆಗೆ ಒಳಗೊಳಗೇ ಸಂಕಟ.

ಊಟದ ಮಾತು ಸಾಹಿತ್ಯದ ಪುಟಕ್ಕೆ ಸಲ್ಲದೆಂದು ಭಾವಿಸುವ ವಾಚಕರಿದ್ದರೆ ಅವರಿಗೆ ಒಂದು ಅರಿಕೆ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿಯೇ ಇಡ್ಡಲಿಗೆಯ ಹೆಸರು ಬಂದಿದೆ. ಇಮ್ಮಡಿ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಅಡುಗೆಗೆಂದೇ ಒಂದು ಅಧ್ಯಾಯವನ್ನಿಟ್ಟನು. ಹದಿನಾರನೆಯ ಶತಮಾನದ ಮೊದಲಲ್ಲಿದ್ದ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಗ್ರಂಥವನ್ನೇ ರಚಿಸಿದನು. ಹಿರಿಯರು ಪದ್ಯದಲ್ಲಿ ಹೇಳಿದ್ದನ್ನು ಗದ್ಯದಲ್ಲಿ ಬರೆಯಲು ನಾವೇಕೆ ನಾಚಬೇಕು?

ಹೋಟೆಲಿನ ಊಟದ ವಿಮರ್ಶೆಯನ್ನು ಒಂದು ಶಾಸ್ತ್ರದಂತೆ ಬೆಳೆಸಿದವರು ಫ್ರಾನ್ಸಿನವರು. ತಮಾಷೆಯೆಂದರೆ, ಅಲ್ಲಿಯ ಅತಿ ಮಾನ್ಯನಾದ ವಿಮರ್ಶಕನು ಒಂದು ಟೈರು ಕಂಪನಿ. 1900ರಲ್ಲಿ ಮಿಶೆಲಿನ್ ಕಂಪನಿಯವರು ಮೋಟಾರಿನವರಿಗಾಗಿ ಒಂದು ಕೈಪಿಡಿಯನ್ನು ಅಚ್ಚುಹಾಕಿ ಪುಕ್ಕಟೆಯಾಗಿ ಹಂಚಿದರು. ಜನ ಓಡಾಡಿದಷ್ಟೂ ಟೈರು ಸವೆಯುತ್ತದೆ, ಸವೆದಷ್ಟೂ ವ್ಯಾಪಾರ ತಾನೆ? 1926ರಿಂದ ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡುವ ಪದ್ಧತಿ ಬಂತು. ಒಂದು ನಕ್ಷತ್ರವೆಂದರೆ ತನ್ನ ಬಗೆಯಲ್ಲಿ ಬಹಳ ಒಳ್ಳೆಯ ಹೋಟೆಲು. ಎರಡೆಂದರೆ ದಾರಿ ಬಿಟ್ಟು ಸುತ್ತಿ ಹೋದರೂ ನಷ್ಟವಿಲ್ಲ. ಮೂರೆಂದರೆ ಆ ಊಟಕ್ಕೆಂದೇ ಪ್ರಯಾಣ ಹೊರಡಬಹುದು.

ಈ ಅಳತೆಗೋಲನ್ನು ನಮ್ಮ ಕಡೆ ತಂದರೆ ಏನಾಗುತ್ತದೆ? ಬೆಂಗಳೂರಿನಿಂದ ಬರುವಾಗ ತುಮಕೂರು ಇನ್ನೇನು ಬಂತು ಎನ್ನುವಲ್ಲಿ ಕ್ಯಾತ್ಸಂದ್ರ ಸಿಕ್ಕುತ್ತದೆ. ಅಲ್ಲಿಯ ತಟ್ಟೆ ಇಡ್ಲಿಗೆಂದೇ ಭಾನುವಾರ ಬೆಳಗ್ಗೆ ಎದ್ದು ಕಾರು ಹತ್ತುವವರನ್ನು ನಾನು ಬಲ್ಲೆ. ಟೈರು ಕಂಪನಿಯ ನ್ಯಾಯದಂತೆ ಅದಕ್ಕೆ ಮೂರು ನಕ್ಷತ್ರ ಸಲ್ಲಬೇಕು. ತಾಂಬೂಲದ ತಟ್ಟೆಯಷ್ಟು ಅಗಲದ ಇಡ್ಲಿ, ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಅಷ್ಟೇ ಅದರ ಸಂಪತ್ತು. ಆದರೆ ಅದನ್ನು ಮಾಡುವುದು ಸುಲಭವೆಂದು ಯಾರೂ ತಿಳಿಯಬಾರದು. ಚಳಿ ಸೆಕೆ ನೋಡಿಕೊಂಡು ರುಬ್ಬುವ ಹೊತ್ತನ್ನು ಹಿಂದುಮುಂದು ಮಾಡಬೇಕು. ಅಗಲದ ತಟ್ಟೆಯಾದ್ದರಿಂದ ನಡುಭಾಗ ಬೇಯುವಷ್ಟರಲ್ಲಿ ಅಂಚು ಬಿರುಸಾಗಿಬಿಡಬಹುದು. ಆ ತೊಡಕನ್ನು ದಿನವೂ ನೂರಾರು ತಟ್ಟೆಗಳಲ್ಲಿ ಗೆಲ್ಲುವವನನ್ನು ಪಂಡಿತನೆನ್ನದೆ ಬೇರೇನೆನ್ನೋಣ? ಅಗ್ಗವಾದುದೆಲ್ಲ ರುಚಿಯೆಂಬ ವಾದಕ್ಕೆ ನಾನು ಒಪ್ಪುವವನಲ್ಲ. ಸೋಡದ ಪುಡಿ ಸುರಿದು ಉಬ್ಬಿಸಿದ ತಟ್ಟೆ ಇಡ್ಲಿಯನ್ನು ಇದೇ ಹೆದ್ದಾರಿಯಲ್ಲಿ ತಿಂದು ಮಧ್ಯಾಹ್ನದವರೆಗೆ ಪಶ್ಚಾತ್ತಾಪ ಪಟ್ಟಿದ್ದೇನೆ. ನಾನು ಹೇಳುವುದಿಷ್ಟೆ: ರುಚಿಗೂ ಬೆಲೆಗೂ ನಂಟಿಲ್ಲ. ಕ್ಯಾತ್ಸಂದ್ರದ ಪಕ್ಕದಲ್ಲೇ ಇರುವ ಸಿದ್ಧಗಂಗೆಯ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳು ಕಾಸಿಲ್ಲದೆ ಉಣ್ಣುತ್ತಾರೆ; ಅಲ್ಲಿಯ ಮುದ್ದೆ ಸಾರನ್ನು ಉಂಡವರು ಹಳಿದದ್ದನ್ನು ನಾನು ಕೇಳಿಲ್ಲ.

ಹಾಗಾದರೆ ದುಬಾರಿ ಹೋಟೆಲಿನಲ್ಲಿ ನಾವು ಹಣ ಕೊಟ್ಟು ಕೊಳ್ಳುವುದು ಏನನ್ನು? ಇದಕ್ಕೆ ಉತ್ತರ ಹುಡುಕಲು ಗುಬ್ಬಿಯ ಕಡೆ ನೋಡಬೇಕು. ಅಡುಗೆಗಾಗಿ ಅಲ್ಲ, ನಾಟಕಕ್ಕಾಗಿ. 1884ರಲ್ಲಿ ಆ ಊರಿನಲ್ಲಿ ಹುಟ್ಟಿದ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ಕುರುಕ್ಷೇತ್ರವನ್ನಾಡಿತು. ಜನ ದುಡ್ಡು ಕೊಟ್ಟು ಬೆರಗಾದರು. ಆ ವೈಭವವನ್ನು ದುಂದು ಎಂದು ಯಾರೂ ಹಳಿಯಲಿಲ್ಲ. ಏಕೆಂದರೆ ಪರದೆಯ ಮುಂದೆ ನಟರಿದ್ದರು. ಆನೆಯನ್ನು ನೋಡಲು ಒಂದು ಸಲ ಬಂದವನು, ಸದಾರಮೆಯಲ್ಲಿ ವೀರಣ್ಣನವರ ಕಳ್ಳನನ್ನು ನೋಡಲು ಮತ್ತೆ ಮತ್ತೆ ಬಂದಾನು. ದುಬಾರಿ ಹೋಟೆಲೂ ಒಂದು ಕಂಪನಿ ನಾಟಕವೆಂದೇ ನನ್ನ ಮತ. ಮಂದ ದೀಪ, ಮೆತ್ತನೆಯ ಆಸನ, ಬಾಗಿಲು ತೆರೆಯುವ ದ್ವಾರಪಾಲಕ, ಇವೆಲ್ಲ ಸೀನರಿ. ಸೀನರಿಗೆ ಬೆಲೆಯಿದೆ, ಬೇಡವೆನ್ನುವುದಿಲ್ಲ. ಆದರೆ ಆನೆ ಬಂದು ಹೋದ ಮೇಲೆ ಕಳ್ಳ ಬರಬೇಡವೆ?

ತಂಪು ಗಾಳಿಗೆ ಬೆಲೆ ಕಟ್ಟುವ ಕೆಲಸವನ್ನು ಒಮ್ಮೆ ಸರ್ಕಾರವೇ ಮಾಡಿತ್ತು. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ, ಹವಾನಿಯಂತ್ರಣವಿಲ್ಲದ ಹೋಟೆಲಿನ ಊಟಕ್ಕೆ ನೂರಕ್ಕೆ 12, ಇರುವ ಹೋಟೆಲಿಗೆ 18 ಎಂದು ಗೊತ್ತುಮಾಡಿದರು. ಅದೇ ಅನ್ನ, ಅದೇ ಸಾರು. ನೆತ್ತಿಯ ಮೇಲೆ ಗಾಳಿ ತಣ್ಣಗಿದ್ದರೆ ಆರು ರೂಪಾಯಿ ಹೆಚ್ಚು! ಅದೇ ನವೆಂಬರಿನಲ್ಲಿ ಈ ಭೇದವನ್ನು ತೆಗೆದು ಎರಡಕ್ಕೂ 5 ಎಂದರು. ದಿನಕ್ಕೆ 7500 ರೂಪಾಯಿಗೂ ಮೀರಿದ ಬಾಡಿಗೆಯ ಕೋಣೆಗಳಿರುವ ಹೋಟೆಲುಗಳಲ್ಲಿ ಮಾತ್ರ ಊಟದ ತೆರಿಗೆ 18 ಆಗಿಯೇ ಉಳಿದಿದೆ.

ಇನ್ನು ನನ್ನದೇ ಒಂದು ಅನುಭವ. ಮೇ ತಿಂಗಳ ಕೊನೆಯಲ್ಲಿ ನಮ್ಮ ಅತ್ತಿಗೆಯವರು ಗುಬ್ಬಿ ತಾಲ್ಲೂಕಿನ ಶಾಲೆಯೊಂದರಿಂದ ನಿವೃತ್ತರಾದರು. ಅದರ ಸಂತೋಷಕ್ಕೆ ಅಣ್ಣನ ಮಗ ನಮ್ಮೈವರನ್ನು ತುಮಕೂರಿನ ಒಂದು ಭಾರಿ ಹೋಟೆಲಿಗೆ ಕರೆದೊಯ್ದ. ಕೈಗೆ ಕೊಟ್ಟ ತಿಂಡಿಪಟ್ಟಿಯು ಜಾತಕದ ಹೊತ್ತಗೆಯಷ್ಟು ದಪ್ಪ, ಇಡಿಯಾಗಿ ಇಂಗ್ಲಿಷಿನಲ್ಲಿ. ತೆಂಗಿನ ಹಾಲಿನಲ್ಲಿ ಬೆಂದ ತರಕಾರಿಗೆ ಯಾವುದೋ ದ್ವೀಪದ ಹೆಸರು ಕೊಟ್ಟು 420 ರೂಪಾಯಿ ಬರೆದಿದ್ದರು. ಅತ್ತಿಗೆ ಕನ್ನಡಕ ಸರಿಮಾಡಿಕೊಂಡು ಓದಿ, "ಇದು ನಮ್ಮ ಸಾಗೂನೇ ಅಲ್ವೇನೋ?" ಎಂದರು. ಮಗ, "ಮೆಲ್ಲಗೆ ಮಾತಾಡಮ್ಮ" ಎಂದ. ಬಡಿಸುವ ಹುಡುಗ ಒಡಿಶಾದವನು, ಕನ್ನಡ ಬಾರದು. ಅತ್ತಿಗೆ ಅವನನ್ನು, "ನಿನ್ನ ಊಟ ಆಯ್ತೇನಪ್ಪ?" ಎಂದು ವಿಚಾರಿಸಿದರು. ಮಾತು ತಿಳಿಯದಿದ್ದರೂ ಅವನಿಗೆ ವಿಷಯ ತಿಳಿಯಿತು. ಆ ಸಂಜೆ ಆ ಹೋಟೆಲಿನಲ್ಲಿ ನಾನು ಕಂಡ ನಿಜವಾದ ನಗೆ ಅದೊಂದೇ.

ಬಿಲ್ಲು ಬಂತು. ಪದಾರ್ಥಗಳಿಗೆ 3640, ಸೇವಾ ಶುಲ್ಕವೆಂದು ನೂರಕ್ಕೆ ಹತ್ತರಂತೆ 364, ಈ ಎರಡರ ಮೊತ್ತದ ಮೇಲೆ ತೆರಿಗೆ, ಒಟ್ಟು 4204. ಎಂದರೆ, ಇನಾಮಿನ ಮೇಲೆಯೂ ತೆರಿಗೆ! ಗಿರಾಕಿಯನ್ನು ಕೇಳದೆ ಸೇವಾ ಶುಲ್ಕವನ್ನು ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಹೇಳಿದೆ. ದೆಹಲಿಯ ಉಚ್ಚ ನ್ಯಾಯಾಲಯ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ನಾನು ಮ್ಯಾನೇಜರನ್ನು ಕರೆದು ಇದನ್ನು ತಿಳಿಸಿದೆ. ಆತ ತಕರಾರಿಲ್ಲದೆ ತೆಗೆದ. ಬಿಲ್ಲು 3822ಕ್ಕೆ ಇಳಿಯಿತು. ಆದರೆ ಅಣ್ಣನ ಮಗನ ಮುಖವೂ ಅಷ್ಟೇ ಇಳಿದಿತ್ತು. ಪಕ್ಕದ ಮೇಜಿನವರು ನೋಡಿದರಂತೆ! ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವುದು ಜಾಣತನ. ಹವಾನಿಯಂತ್ರಿತ ಕೋಣೆಯಲ್ಲಿ ಕಾನೂನಿನ ಮಾತಾಡುವುದು ಅವಮಾನ. ದುಬಾರಿ ಹೋಟೆಲುಗಳ ಲಾಭದಲ್ಲಿ ಮಧ್ಯಮ ವರ್ಗದವರ ಈ ನಾಚಿಕೆಯ ಪಾಲು ಸಣ್ಣದಲ್ಲವೆಂದು ನನ್ನ ಗುಮಾನಿ.

ಇಷ್ಟೆಲ್ಲ ಲೆಕ್ಕ ಹಾಕಿ, ಈ ಊಟ ತಕ್ಕುದಲ್ಲವೆಂದು ತೀರ್ಪು ಬರೆದೇಬಿಡುವ ಹುಮ್ಮಸ್ಸಿನಲ್ಲಿ ನಾನಿದ್ದೆ. ಆಗ ಅತ್ತಿಗೆ ಯಾರಿಗೋ ಹೇಳುವಂತೆ, "ಎಷ್ಟು ವರ್ಷವಾಯ್ತೋ, ಬಿಸಿಯಾಗಿರೋವಾಗಲೇ ಊಟ ಮಾಡಿ" ಎಂದರು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತೈದು ವರ್ಷ ಬೆಳಗ್ಗೆ ಮನೆಯವರಿಗೆಲ್ಲ ಬಿಸಿ ರೊಟ್ಟಿ ತಟ್ಟಿಕೊಟ್ಟು, ಆರಿದ್ದನ್ನು ಡಬ್ಬಿಗೆ ಹಾಕಿಕೊಂಡು ಬಸ್ಸು ಹಿಡಿದ ಹೆಂಗಸಿನ ಮಾತು ಅದು. ದರ್ಶಿನಿಯಲ್ಲಿ ನೂರು ರೂಪಾಯಿಗೆ ಬಿಸಿ ತಿಂಡಿ ಸಿಕ್ಕುತ್ತದೆಂಬುದು ನಿಜ; ಆದರೆ ಅಲ್ಲಿಯೂ ತಟ್ಟೆ ಹಿಡಿದು ನಿಲ್ಲಬೇಕು. ಕುಳಿತಲ್ಲಿಗೆ ಬಡಿಸಿಕೊಳ್ಳುವ ಸುಖ ಬೇರೆ. ಅಣ್ಣನೂ ಮಗನೂ ಒಂದು ಭಾನುವಾರ ಒಲೆಯ ಮುಂದೆ ನಿಂತಿದ್ದರೆ ಈ ಹಣ ಉಳಿಯುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಉಪ್ಪಿನ ಡಬ್ಬ ಎಲ್ಲಿದೆಯೆಂದು ಹೇಳಲು ಅತ್ತಿಗೆಯೇ ಹತ್ತು ಸಲ ಎದ್ದುಬರಬೇಕಾಗುತ್ತಿತ್ತು.

ಆದ್ದರಿಂದ ಕುಳ್ಳಿರಿಸಿ ಬಡಿಸುವುದಕ್ಕೆ ನಾನು ಬೆಲೆ ಕೊಡಲು ಸಿದ್ಧ. ಅಡುಗೆಯ ಶ್ರದ್ಧೆಗೂ ಸಿದ್ಧ. ಇವೆರಡನ್ನೂ ನಮ್ಮವರೇ ಸಾಧಿಸಿ ತೋರಿಸಿದ ಉದಾಹರಣೆ ಬೆಂಗಳೂರಿನ ಎಂ.ಟಿ.ಆರ್. 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ಬು ಎಂಬ ಹೆಸರಿನಲ್ಲಿ ಆರಂಭವಾದ ಅದನ್ನು ಯಜ್ಞನಾರಾಯಣ ಮಯ್ಯರು ಮೇಲೆ ತಂದರು. ಯುದ್ಧಕಾಲದಲ್ಲಿ ಅಕ್ಕಿ ದುರ್ಲಭವಾದಾಗ ಅಲ್ಲಿ ರವೆ ಇಡ್ಲಿ ಹುಟ್ಟಿದ ಕಥೆ ಎಲ್ಲರಿಗೂ ಗೊತ್ತು. 1951ರಲ್ಲಿ ಮಯ್ಯರು ಯೂರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳನ್ನು ನೋಡಿಬಂದರು. ತಂದದ್ದು ಅಲ್ಲಿಯ ತಿಂಡಿಪಟ್ಟಿಯನ್ನಲ್ಲ, ಶುಚಿಯನ್ನು. ಲೋಟ ತಟ್ಟೆಗಳನ್ನು ಹಬೆಯಲ್ಲಿ ತೊಳೆಸಿದರು, ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಂಡು ಬರುವಂತೆ ಮಾಡಿದರು. ಬೆಳ್ಳಿಯ ಲೋಟದಲ್ಲಿ ಕಾಫಿ ಕೊಡುವ ವೈಭವವೂ ಅಲ್ಲಿತ್ತು, ಆದರೆ ಲೋಟದೊಳಗಿನ ಕಾಫಿ ಬೆಳ್ಳಿಗೆ ಸೋಲಲಿಲ್ಲ. 1960ರಲ್ಲಿ ಹೆಸರು ಮಾವಳ್ಳಿ ಟಿಫನ್ ರೂಮ್ಸ್ ಎಂದಾಯಿತು. ಜಾತಿಯ ಹೆಸರು ಫಲಕದಿಂದ ಇಳಿದು ಬಡಾವಣೆಯ ಹೆಸರು ಏರಿದ್ದನ್ನು ನಾನು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ. ಯಾರ ಪಕ್ಕದಲ್ಲಿ ಯಾರು ಕೂರಬಹುದೆಂಬ ಹಳೆಯ ಕಟ್ಟಳೆಯನ್ನು ಕಾಸು ಮುರಿಯಿತು. ಈಗ ಕಾಸೇ ಒಂದು ಹೊಸ ಪಂಕ್ತಿಭೇದವಾಗಿದೆ ಎನ್ನುವುದು ಬೇರೆ ಮಾತು. ಬೆಲೆಯನ್ನು ಮನಬಂದಂತೆ ಇಳಿಸಿದರೆ ಗುಣ ನಿಲ್ಲದೆಂಬುದಕ್ಕೂ ಇದೇ ಹೋಟೆಲು ಸಾಕ್ಷಿ. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಸರ್ಕಾರವು ಹೋಟೆಲು ತಿಂಡಿಗೆ ತೀರ ಕಡಿಮೆ ದರ ವಿಧಿಸಿದಾಗ ಎಂ.ಟಿ.ಆರ್.ನವರು ಪುಡಿ ಹಿಟ್ಟುಗಳ ವ್ಯಾಪಾರದ ಕಡೆ ತಿರುಗಿದರು.

ಕುಣಿಗಲ್ಲಿನ ಕಡೆಯ ಮಾತು ಹೆಚ್ಚಿಲ್ಲ. ಅದು ಬೆಂಗಳೂರು ಮಂಗಳೂರು ಹೆದ್ದಾರಿಯ ಊರು. ಗಾಜಿನ ಗೋಡೆಯ ಹೋಟೆಲುಗಳು ರಸ್ತೆಯುದ್ದಕ್ಕೂ ಎದ್ದಿವೆ. ಅವುಗಳಲ್ಲೊಂದರಲ್ಲಿ ಒಂದು ದೋಸೆಗೂ ಕಾಫಿಗೂ ನಾನು ತೆತ್ತ ಬೆಲೆಯಲ್ಲಿ ಅರ್ಧ ಶುಚಿಯಾದ ಶೌಚಾಲಯಕ್ಕೆ ಸಂದಿತೆಂದೇ ತಿಳಿದಿದ್ದೇನೆ; ಹೆಂಗಸರು ಮಕ್ಕಳೊಡನೆ ದೂರ ಹೊರಟವರಿಗೆ ಅದು ಅನ್ಯಾಯವಲ್ಲ. ದೋಸೆಯ ವಿಷಯ ಕೇಳಬೇಡಿ. ಅದೇ ದಾರಿಯಲ್ಲಿ ಮುಂದೆ ಹೋದರೆ ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನ ದಾಸೋಹವಿದೆ.

ನನ್ನ ಮುಖ್ಯ ತಕರಾರು ಬೆಲೆಯದಲ್ಲ, ಕೃತಿಯದು. ಈ ಹೋಟೆಲುಗಳ ನಾಟಕಕ್ಕೆ ಸ್ವಂತ ಕಥೆಯಿಲ್ಲ. ತುಮಕೂರಾಗಲಿ ಕುಣಿಗಲ್ಲಾಗಲಿ, ಅದೇ ಪನೀರು, ಅದೇ ಗೋಬಿ ಮಂಚೂರಿ. ಹೊರಗೆ ತೆಂಗಿನ ತೋಟ, ರಾಗಿಯ ಹೊಲ, ಹುಣಿಸೆಯ ಮರ. ಒಳಗೆ ಅವುಗಳ ಸುಳಿವಿಲ್ಲ. ಮಸ್ಸೊಪ್ಪು, ಬಸ್ಸಾರು, ಹುಚ್ಚೆಳ್ಳಿನ ಚಟ್ನಿ, ಚಳಿಗಾಲದ ಹಿತಕವರೆ ಇವೆಲ್ಲ ಮನೆಯ ಅಡುಗೆ, ಹೋಟೆಲಿಗೆ ತಕ್ಕುದಲ್ಲ ಎನ್ನುತ್ತಾರೆ. ಬೆಂಗಳೂರಿನಲ್ಲಿ 1990ರಲ್ಲಿ ತಾಜ್ ಸಂಸ್ಥೆಯವರು ಆರಂಭಿಸಿದ "ಕರಾವಳಿ" ಎಂಬ ಹೋಟೆಲು ಈ ಮಾತನ್ನು ಸುಳ್ಳುಮಾಡಿತು. ಮಂಗಳೂರು, ಕೊಡಗು, ಕೇರಳ, ಗೋವೆಗಳ ಮನೆಯಡುಗೆಯನ್ನೇ ಕಲಿತು ಅದು ಹೆಸರು ಗಳಿಸಿತು. ಬಯಲುಸೀಮೆಯ ಮನೆಯಡುಗೆಗೆ ಅಂಥ ಮರ್ಯಾದೆ ಇನ್ನೂ ದೊರೆತಿಲ್ಲ. 2023ನ್ನು ಸಿರಿಧಾನ್ಯಗಳ ವರ್ಷವೆಂದು ವಿಶ್ವಸಂಸ್ಥೆ ಸಾರಿದಾಗ ರಾಗಿ ಕೆಲವು ದೊಡ್ಡ ಹೋಟೆಲುಗಳ ಒಳಹೊಕ್ಕಿತು. ಆದರೆ ಬಿಸ್ಕತ್ತಿನ ವೇಷದಲ್ಲಿ. ಮುದ್ದೆಯಾಗಿ ಬರಲು ಅದಕ್ಕಿನ್ನೂ ಅಪ್ಪಣೆಯಾಗಿಲ್ಲ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ದೂರದ ಎಂಜಿನಿಯರುಗಳು ಬರುವರು. ಅವರ ಹಿಂದೆ ಮಂದ ದೀಪದ ಹೋಟೆಲುಗಳೂ ಬಂದಾವು. ಅದೇ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಸೀಮೆ. ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದವರು ಅಲ್ಲಿಯ ಒಂದು ಮರದಿಂದ ಬೆಳಕಿಗೆ ತಂದ "ಸಿದ್ದು" ತಳಿಯ ಹಣ್ಣು ಎರಡೂವರೆ ಕಿಲೋದಷ್ಟೇ ತೂಗುತ್ತದೆ; ತೊಳೆ ಕೆಂಪು, ಒಂದು ಮೇಜಿನವರಿಗೆ ಹೇಳಿಮಾಡಿಸಿದ ಗಾತ್ರ. ತುಮಕೂರಿನ ಆ ಹೋಟೆಲಿನಲ್ಲಿ ಊಟದ ಕೊನೆಗೆ ಹಲಸಿನಿಂದ ಮಾಡಿದ್ದೇನಾದರೂ ಇದೆಯೆ ಎಂದು ನಾನು ಕೇಳಿದ್ದೆ. ಲಿಚಿ ಇದೆ ಸಾರ್, ಡಬ್ಬಿಯದು ಎಂದರು. ಹೊರಗೆ ಬಂದರೆ ಗೇಟಿನ ಪಕ್ಕದಲ್ಲೇ ಒಬ್ಬ ತಳ್ಳುಗಾಡಿಯ ಮೇಲೆ ಹಲಸು ಬಿಡಿಸುತ್ತಿದ್ದ. ಅತ್ತಿಗೆ ಮೂವತ್ತು ರೂಪಾಯಿಗೆ ಹತ್ತು ತೊಳೆ ಕೊಂಡು, ಅಲ್ಲೇ ನಿಂತು ನಮಗೆಲ್ಲ ಎರಡೆರಡು ಹಂಚಿದರು.