ಡಬ್ಬಿಂಗ್ ಮತ್ತು ಹೊರನಾಡ ನೋಡುಗ

2012ನೆಯ ಇಸವಿಯ ಮೇ 6, ಭಾನುವಾರ. ಆಮಿರ್ ಖಾನರ 'ಸತ್ಯಮೇವ ಜಯತೆ' ದೂರದರ್ಶನದಲ್ಲಿಯೂ ಖಾಸಗಿ ವಾಹಿನಿಗಳಲ್ಲಿಯೂ ಮೊದಲ ಬಾರಿಗೆ ಮೂಡಿಬಂದ ದಿನ. ವಿಷಯ ಹೆಣ್ಣು ಭ್ರೂಣಹತ್ಯೆ. ಊರಿನಿಂದ ವರ್ತಕ ನಗರಕ್ಕೆ ಬಂದಿದ್ದ ನಮ್ಮ ತಾಯಿಯವರು ಪರದೆಯ ಮೇಲೆ ಹೆಂಗಸರು ಕಣ್ಣೊರೆಸಿಕೊಳ್ಳುವುದನ್ನು ಕಂಡು, "ಏನಂತೆ? ಯಾಕೆ ಅಳ್ತಾಳಂತೆ?" ಎಂದು ಕೇಳುತ್ತಲೇ ಇದ್ದರು. ನಾವು ಒಂದು ವಾಕ್ಯ ಕನ್ನಡಿಸುವಷ್ಟರಲ್ಲಿ ಮುಂದಿನ ನಾಲ್ಕು ವಾಕ್ಯಗಳು ಕಳೆದುಹೋಗುತ್ತಿದ್ದವು. ಅದೇ ಕಾರ್ಯಕ್ರಮ ಮರಾಠಿ, ತಮಿಳು, ತೆಲುಗು, ಮಲಯಾಳ, ಬಂಗಾಳಿ ಭಾಷೆಗಳಲ್ಲಿ ಸಿದ್ಧವಾಗಿತ್ತು. ಕನ್ನಡದ ವಾಹಿನಿಗಳಲ್ಲಿ ಮಾತ್ರ ಅದು ಬರಲಿಲ್ಲ. ಚಿತ್ರೋದ್ಯಮದವರು ಬೇಡವೆಂದರು, ವಾಹಿನಿಯವರು ಸುಮ್ಮನಾದರು.

ಡಬ್ಬಿಂಗ್ ವಿವಾದದ ಬಗ್ಗೆ ಬರೆಯುವವರೆಲ್ಲ ಕಲಾವಿದರ ಕಷ್ಟ, ನಿರ್ಮಾಪಕರ ನಷ್ಟ, ಸಂಸ್ಕೃತಿಯ ಅಳಿವು-ಉಳಿವು ಇವುಗಳಿಂದಲೇ ಆರಂಭಿಸುವುದು ವಾಡಿಕೆ. ಆ ದಿನ "ಏನಂತೆ?" ಎಂದು ಕೇಳಿದ ಮುದುಕಿಯಿಂದ ಆರಂಭಿಸಿದರೆ ವಿಷಯ ಬೇರೆಯಾಗಿಯೇ ಕಾಣುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಕನ್ನಡದಲ್ಲಿ ಡಬ್ಬಿಂಗನ್ನು ನಿಷೇಧಿಸಿದ ಕಾನೂನು ಎಂದೂ ಇರಲಿಲ್ಲ. ಅರುವತ್ತರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಕನ್ನಡ ಚಳವಳಿ ಕಟ್ಟಿದ ದಿನಗಳಲ್ಲಿ ಹುಟ್ಟಿದ ಒಂದು ಕಟ್ಟುಪಾಡು ಅದು. ಅಂದಿನ ಸ್ಥಿತಿಯನ್ನು ಅರಿಯದೆ ಅದನ್ನು ಹೀಗಳೆಯುವುದು ಕೃತಘ್ನತೆಯಾದೀತು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ, ವರ್ಷಕ್ಕೆ ಬೆರಳೆಣಿಕೆಯಷ್ಟು ಬರುತ್ತಿದ್ದ ಕಾಲ. ಬೆಂಗಳೂರಿನ ಚಿತ್ರಮಂದಿರಗಳಲ್ಲೇ ಕನ್ನಡ ಚಿತ್ರಕ್ಕೆ ಜಾಗವಿರಲಿಲ್ಲ. ತೆಲುಗಿನ 'ಮಾಯಾಬಜಾರ್' ಕನ್ನಡ ಮಾತಾಡಿಕೊಂಡು ಬಂದರೆ ಕನ್ನಡದ ನಟ, ಸಂಗೀತಗಾರ, ಲೈಟ್ ಹುಡುಗ ಎಲ್ಲಿಗೆ ಹೋಗಬೇಕು? ಡಾ. ರಾಜಕುಮಾರ್ ಅಂಥವರು ಆ ಕಟ್ಟುಪಾಡಿಗೆ ಬೆನ್ನೆಲುಬಾಗಿ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಎಳೆಯ ಗಿಡಕ್ಕೆ ಬೇಲಿ ಬೇಕು.

ಆದರೆ ಗಿಡ ಮರವಾದ ಮೇಲೂ ಬೇಲಿ ಹಾಗೆಯೇ ಇತ್ತು. ಅದರ ಒಳಗೆ ರೀಮೇಕುಗಳು ಹುಲುಸಾಗಿ ಬೆಳೆದವು. ತಮಿಳಿನ ಕಥೆ, ತೆಲುಗಿನ ದೃಶ್ಯ, ಹಿಂದಿಯ ರಾಗ ಇವೆಲ್ಲ ಬಂದರೆ ಸಂಸ್ಕೃತಿಗೆ ಧಕ್ಕೆಯಿಲ್ಲ. ಅವುಗಳ ಮೂಲವೇ ಕನ್ನಡ ಮಾತಾಡಿಕೊಂಡು ಬಂದರೆ ಮಾತ್ರ ಧಕ್ಕೆ! ಈ ತರ್ಕ ನಮ್ಮ ತಲೆಗೆ ಇಂದಿಗೂ ಹತ್ತಿಲ್ಲ.

ಇಲ್ಲಿ ಬೆಂಗಳೂರಿನ ಕೆಲವು ಯುವಕರ ಬರವಣಿಗೆಯನ್ನು ನೆನೆಯಬೇಕು. ಅವರು ಘೋಷಣೆ ಕೂಗಲಿಲ್ಲ, ಬಸ್ಸಿಗೆ ಕಲ್ಲು ಹೊಡೆಯಲಿಲ್ಲ. ವರ್ಷಗಟ್ಟಲೆ ಬರೆದರು. ಕನ್ನಡಿಗನನ್ನು ಅಭಿಮಾನಿ ಎಂದೋ ಭಾಷಾಪ್ರೇಮಿ ಎಂದೋ ಕರೆಯುವುದನ್ನು ಬಿಟ್ಟು, ದುಡ್ಡು ಕೊಟ್ಟು ಸರಕು ಕೊಳ್ಳುವ ಗ್ರಾಹಕ ಎಂದು ಕರೆದರು. ಬ್ಯಾಂಕಿನ ಚಲನ್, ಔಷಧದ ಚೀಟಿ, ಸಿನೆಮಾ, ಎಲ್ಲವನ್ನೂ ಆ ಒಂದೇ ಕಣ್ಣಿನಿಂದ ನೋಡಿದರು. ಕೊನೆಗೆ ಕನ್ನಡ ಗ್ರಾಹಕರ ಕೂಟವು ದಿಲ್ಲಿಯ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ದೂರು ಇಟ್ಟಿತು. ಅದರ ಸಂಖ್ಯೆ 2012ರ 58. ಕಡತಗಳ ನಡುವೆಯೇ ಜೀವ ಸವೆಸುತ್ತಿರುವ ನಮ್ಮಂಥವರಿಗೆ ಅದರ ಬೆಲೆ ಗೊತ್ತು. ಸಭೆಯಲ್ಲಿ ಮಾಡಿದ ಭಾಷಣಕ್ಕೆ ಯಾರೂ ಉತ್ತರ ಕೊಡಬೇಕಿಲ್ಲ. ಸಂಖ್ಯೆ ಬಿದ್ದ ಅರ್ಜಿಗೆ ಎಂದಾದರೊಂದು ದಿನ ಉತ್ತರ ಬರೆಯಲೇಬೇಕು.

2015ರ ಜುಲೈ 27ರಂದು ಉತ್ತರ ಬಂತು. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ, ನಿರ್ಮಾಪಕರ ಮತ್ತು ದೂರದರ್ಶನದವರ ಸಂಘಗಳಿಗೂ ಒಟ್ಟು ಸುಮಾರು 20 ಲಕ್ಷ ರೂಪಾಯಿ ದಂಡ ಬಿತ್ತು. ಆಯೋಗದ ತರ್ಕ ಸರಳವಾಗಿದೆ. ಡಬ್ಬಿಂಗ್ ಬೇಡವೆಂದು ಒಬ್ಬ ನಟ ಹೇಳಬಹುದು, ಒಬ್ಬ ನಿರ್ಮಾಪಕ ಹೇಳಬಹುದು. ವ್ಯಾಪಾರಿಗಳೆಲ್ಲ ಒಂದು ಸಂಘವಾಗಿ ಕೂಡಿ, ಇಂಥ ಸರಕು ಅಂಗಡಿಗೇ ಬರಕೂಡದೆಂದು ತಡೆಯುವುದು 2002ರ ಸ್ಪರ್ಧಾ ಕಾಯಿದೆಗೆ ವಿರುದ್ಧ. ಒಳ್ಳೆಯದೋ ಕೆಟ್ಟದೋ ಎಂಬುದನ್ನು ಕೊಳ್ಳುವವನೇ ನಿರ್ಧರಿಸಲಿ.

ತೀರ್ಪಿನಿಂದ ಎಲ್ಲವೂ ಸರಿಹೋಯಿತೆಂದು ಭಾವಿಸಿದವರು ಬಹು ಬೇಗ ನಿರಾಶರಾದರು. 2017ರ ಮಾರ್ಚಿಯಲ್ಲಿ ತಮಿಳಿನ ಅಜಿತ್ ಚಿತ್ರವೊಂದು 'ಸತ್ಯದೇವ್ ಐಪಿಎಸ್' ಎಂಬ ಹೆಸರಿನಿಂದ ಬಂದಾಗ ಪ್ರತಿಭಟನೆಯಾಯಿತು, ಚಿತ್ರಮಂದಿರದವರು ಹಿಂಜರಿದರು. ಕಾಗದದ ಮೇಲೆ ಸಿಕ್ಕಿದ ಹಕ್ಕು ಟಿಕೆಟ್ ಕಿಟಕಿಗೆ ಇಳಿಯಲು ಇನ್ನೂ ಕೆಲವು ವರ್ಷ ಬೇಕಾಯಿತು.

ಇಳಿದದ್ದು 2020ರಲ್ಲಿ, ಎಲ್ಲರೂ ಮನೆಯೊಳಗೆ ಕೂತ ಆ ವರ್ಷ. ಚಿತ್ರೀಕರಣ ನಿಂತು ಧಾರಾವಾಹಿಗಳಿಗೆ ಬರಗಾಲ ಬಂದಾಗ ವಾಹಿನಿಗಳೇ ಹಿಂದಿಯ ಮಹಾಭಾರತವನ್ನು ಕನ್ನಡಿಸಿ ಬಡಿಸಿದವು. ಜುಲೈಯಲ್ಲಿ ಅಂಬೇಡ್ಕರರ ಜೀವನದ ಹಿಂದಿ ಧಾರಾವಾಹಿ 'ಮಹಾನಾಯಕ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂತು. ಕರ್ನಾಟಕದ ಹಳ್ಳಿಗಳಲ್ಲಿ ಜನ ತಾವೇ ದುಡ್ಡು ಹಾಕಿ ಅದಕ್ಕೆ ಫಲಕ ಕಟ್ಟಿದರು. ಸಂಸ್ಕೃತಿ ಕೆಡುತ್ತದೆ ಎನ್ನುತ್ತಿದ್ದವರು ಈ ಫಲಕಗಳ ಮುಂದೆ ನಿಂತು ಏನು ಹೇಳಿಯಾರು? ಸಾತಾರದ ಶಾಲೆಯಲ್ಲಿ ಒಬ್ಬ ಹುಡುಗ ಪಟ್ಟ ಅವಮಾನದ ಕಥೆ, ಮರಾಠಿ ನೆಲದ ಕಥೆ, ಹಿಂದಿಯಿಂದ ಬಂದು ಕನ್ನಡದ ಕೇರಿಗಳನ್ನು ಮುಟ್ಟಿತು. ಐವತ್ತು ವರ್ಷದ ಕಟ್ಟುಪಾಡು ಇಂಥ ಎಷ್ಟು ಕಥೆಗಳನ್ನು ಹೊರಗೇ ನಿಲ್ಲಿಸಿತ್ತೋ!

ಇನ್ನೊಂದು ವಿನೋದವೂ ಇದೆ. 2018ರ ಡಿಸೆಂಬರಿನಲ್ಲಿ 'ಕೆಜಿಎಫ್' ಐದು ಭಾಷೆಗಳಲ್ಲಿ ತೆರೆಕಂಡಿತು. 2022ರಲ್ಲಿ ಅದರ ಎರಡನೆಯ ಭಾಗ, ಅದೇ ವರ್ಷ 'ಕಾಂತಾರ'. ಥಾಣೆಯ ಚಿತ್ರಮಂದಿರಗಳಲ್ಲಿ ಮರಾಠಿ, ಗುಜರಾತಿ ನೆರೆಹೊರೆಯವರು ಅವನ್ನು ಹಿಂದಿಯಲ್ಲಿ ನೋಡಿ ಬಂದು ನಮ್ಮ ಬೆನ್ನು ತಟ್ಟಿದರು. ಡಬ್ಬಿಂಗ್ ಪಾಪವೆಂದ ಉದ್ಯಮಕ್ಕೆ ಅತಿ ದೊಡ್ಡ ಹಣದ ಹೊಳೆ ಹರಿದದ್ದು ಡಬ್ಬಿಂಗಿನಿಂದಲೇ.

ಹಾಗೆಂದು ಗ್ರಾಹಕರ ಪಕ್ಷವನ್ನೂ ನಾವು ಕಣ್ಣು ಮುಚ್ಚಿ ಒಪ್ಪುವವರಲ್ಲ. 2021ರ ಡಿಸೆಂಬರಿನಲ್ಲಿ 'ಪುಷ್ಪ' ಬಂದಾಗ ಕರ್ನಾಟಕದಲ್ಲಿ ಅದರ ಕನ್ನಡ ಅವತರಣಿಕೆಗೆ ಸಿಕ್ಕಿದ ಪ್ರದರ್ಶನಗಳು ತೀರ ಕಡಿಮೆ, ತೆಲುಗಿನವು ಹೇರಳ. ಸಿಟ್ಟು ಬಂತು, ಬಹಿಷ್ಕಾರದ ಮಾತೂ ಬಂತು. ಆದರೆ ತೆಲುಗಿನಲ್ಲೇ ನೋಡುತ್ತೇನೆಂದು ಹೋದವರಲ್ಲಿ ಕನ್ನಡಿಗರೂ ಇದ್ದರಲ್ಲ! ಆಯ್ಕೆ ಮಾಡಿಕೊಳ್ಳುವವನೇ ಕನ್ನಡವನ್ನು ಆಯದಿದ್ದರೆ ಯಾವ ಆಯೋಗ ಏನು ಮಾಡೀತು? 'ಗ್ರಾಹಕ' ಎಂಬ ಮಾತಿನ ಮಿತಿ ಇದು. ಅದು ಬಾಗಿಲು ತೆರೆಸುತ್ತದೆ, ಒಳಗೆ ಕರೆತರುವುದಿಲ್ಲ. ಡಬ್ ಆಗಿ ಬರುವ ಕನ್ನಡವಾದರೂ ಎಂಥದು? ಹಿಂದಿಯ ತುಟಿಯ ಚಲನೆಗೆ ಹೊಂದಿಸಲು ಹೋಗಿ ಕ್ರಿಯಾಪದವೆಲ್ಲೋ ಕರ್ತೃವೆಲ್ಲೋ. ಧಾರವಾಡದ ಮಾತಾಗಲಿ ಮಂಗಳೂರಿನ ಮಾತಾಗಲಿ ಅಲ್ಲಿ ಕೇಳಿಸುವುದು ಅಪರೂಪ. ಬರಬೇಕೆಂದು ಹೋರಾಡಿದಷ್ಟೇ ಹುರುಪಿನಿಂದ ಚೆನ್ನಾಗಿ ಬರಬೇಕೆಂದು ಯಾರೂ ಬರೆದಂತೆ ಕಾಣಲಿಲ್ಲ.

ಈ ಇಡೀ ವಾದದಲ್ಲಿ ಎರಡೂ ಪಕ್ಷದವರು ಮರೆತದ್ದು ಹೊರನಾಡಿನವರನ್ನು. ಬೆಂಗಳೂರಿನ ಮಗು ಬೀದಿಯಲ್ಲಾದರೂ ಒಂದಿಷ್ಟು ಕನ್ನಡ ಕೇಳುತ್ತದೆ. ವರ್ತಕ ನಗರದ, ಡೊಂಬಿವಲಿಯ, ಕಲ್ಯಾಣದ ಮಗುವಿಗೆ ಶಾಲೆ ಇಂಗ್ಲಿಷು, ಬೀದಿ ಮರಾಠಿ, ಆಟ ಹಿಂದಿ. ಅದು ಹಟ ಹಿಡಿದು ನೋಡುವ ಬೊಂಬೆಚಿತ್ರವೂ ಹಿಂದಿಯಾದರೆ ಕನ್ನಡಕ್ಕೆ ಉಳಿಯುವುದು ಊಟದ ಹೊತ್ತಿನ ಬೈಗುಳವೊಂದೇ. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಬೇಕಾದ ವಾಹಿನಿಗಳನ್ನು ನಾವೇ ಆಯುವ ಹಕ್ಕು ಬಂದಾಗ, ಮೂಲ ಶುಲ್ಕ ತೆರಿಗೆ ಬಿಟ್ಟು 130 ರೂಪಾಯಿ. ಅದರ ಮೇಲೆ ಒಂದೊಂದು ವಾಹಿನಿಗೂ ಪ್ರತ್ಯೇಕ ದರ. ನಮ್ಮ ಕೇಬಲ್ಲಿನವನು ತಂದ ಪಟ್ಟಿಯಲ್ಲಿ ಹಿಂದಿ-ಮರಾಠಿ ಗುಚ್ಛಕ್ಕೆ ಆಗಲೇ ಗುರುತು ಬಿದ್ದಿತ್ತು. ಕನ್ನಡ ಬೇಕೆಂದಾಗ "ಸೌತ್ ಪೂರಾ ಲೇನಾ ಪಡೇಗಾ" ಎಂದ. ನಿಯಮ ಹಾಗಿಲ್ಲವೆಂದು ಪ್ರಾಧಿಕಾರದ ಪ್ರಕಟಣೆಯನ್ನು ತೋರಿಸಿದ ಮೇಲೆ ಬೇಕಾದ ನಾಲ್ಕು ವಾಹಿನಿ ಮಾತ್ರ ಹಾಕಿಕೊಟ್ಟ. ಅದೇ ಕಟ್ಟಡದ ಇನ್ನೆರಡು ಕನ್ನಡ ಮನೆಯವರು ಯಾಕೆ ತಕರಾರು ಎಂದು ಗುಚ್ಛಕ್ಕೇ ರುಜು ಹಾಕಿದರು.

ಈಗ ಮಕ್ಕಳು ಮೊಬೈಲಿನಲ್ಲಿ ನೋಡುತ್ತಾರೆ. ಅಲ್ಲಿ ಚಿತ್ರದ ಕೆಳಗೆ ಭಾಷೆ ಬದಲಿಸುವ ಗುಂಡಿ ಇರುತ್ತದೆ. ಹಿಂದಿ, ತಮಿಳು, ತೆಲುಗು ಎಂದು ಪಟ್ಟಿ ಸಾಗುತ್ತದೆ. ಕನ್ನಡ ಒಮ್ಮೆ ಇರುತ್ತದೆ, ಹಲವು ಸಲ ಇರುವುದಿಲ್ಲ. ಇಲ್ಲದ್ದನ್ನು ಕುರಿತು ಕಳೆದ ತಿಂಗಳು ಅಂಥ ಒಂದು ಸಂಸ್ಥೆಗೆ ನಾವು ಕನ್ನಡದಲ್ಲಿಯೇ ಪತ್ರ ಬರೆದೆವು. ಇಂಗ್ಲಿಷಿನಲ್ಲಿ ಯಂತ್ರದ ಉತ್ತರ ಬಂದಿದೆ. ಅದರ ಕೊನೆಯಲ್ಲಿ ಒಂದು ದೂರು ಸಂಖ್ಯೆ ಇದೆ, ಬರೆದಿಟ್ಟುಕೊಂಡಿದ್ದೇವೆ.